ಮೂವತ್ನಾಲ್ಕು ಇಂಚಿನ ಮೂಢನಂಬಿಕೆ

ಪ್ರತಿ ವರ್ಷ ಫೆಬ್ರುವರಿ ಕೊನೆಗೆ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಕಾಲೇಜು ಫುಟ್‌ಬಾಲ್ ಮುಗಿಸಿದ ಮುನ್ನೂರು ಚಿಲ್ಲರೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಅಳೆಯುತ್ತಾರೆ. ಎತ್ತರ, ತೂಕ, ಅಂಗೈಯ ಹರವು, ತೋಳಿನ ಉದ್ದ. ತೋಳಿಗಾದರೆ ಭುಜದ ಮೂಳೆಯಿಂದ ನಡುಬೆರಳಿನ ತುದಿಯವರೆಗೆ ಟೇಪು ಹಿಡಿದು, ಇಂಚಿನ ಎಂಟನೇ ಒಂದು ಪಾಲನ್ನೂ ಬಿಡದೆ ಬರೆದುಕೊಳ್ಳುತ್ತಾರೆ. ಕಂಬೈನ್ ಎಂಬ ಈ ಮೇಳ 1987ರಿಂದ ಅದೇ ಊರಿನಲ್ಲಿ ನಡೆದುಬಂದಿದೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳ ತರಬೇತುದಾರರು, ಮ್ಯಾನೇಜರುಗಳು, ವೈದ್ಯರು, ಆಟಗಾರರನ್ನು ಹುಡುಕುವ ಸ್ಕೌಟುಗಳು ಎಲ್ಲರೂ ಅಲ್ಲಿರುತ್ತಾರೆ. ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್. ಯಾವ ಹುಡುಗ ಯಾವ ತಂಡಕ್ಕೆ, ಎಷ್ಟನೆಯ ಸರದಿಯಲ್ಲಿ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಈ ಅಳತೆಗಳಲ್ಲಿ ಒಂದಕ್ಕೆ ವೇದವಾಕ್ಯದ ಪಟ್ಟ ಸಿಕ್ಕಿದೆ. ಟ್ಯಾಕಲ್ ಜಾಗದಲ್ಲಿ ಆಡುವವನ ತೋಳು 34 ಇಂಚು ಇರಬೇಕು. 33ಕ್ಕಿಂತ ಕಡಿಮೆಯಾದರೆ ಅವನನ್ನು ಒಳಗಿನ ಗಾರ್ಡ್ ಜಾಗಕ್ಕೆ ಸರಿಸಬೇಕು. ಕೆಲವು ತಂಡಗಳು ಇದನ್ನು ಬಾಯಿಬಿಟ್ಟು ಹೇಳುತ್ತವೆ, ಕೆಲವು ಹೇಳದೆ ಪಾಲಿಸುತ್ತವೆ. ಟಿವಿ ಪಂಡಿತರಂತೂ ಪಂಚಾಂಗ ಓದಿದ ಹಾಗೆ ಓದುತ್ತಾರೆ. ಆಡಿ ತೋರಿಸಿದ ಹುಡುಗನಿಗೆ ಈ ಗೆರೆ ಹಾಕುವುದು ತಪ್ಪು ಎಂಬುದು ನನ್ನ ವಾದ. ಗೆರೆಯ ಹಿಂದೆ ವಿಜ್ಞಾನ ಇದ್ದಂತೆ ಕಾಣುತ್ತದೆ. ಕೆದಕಿದರೆ ಸಿಗುವುದು ಕೆಲಸ ಕಳೆದುಕೊಳ್ಳುವ ಭಯ ಮತ್ತು ಲೆಕ್ಕದ ಒಂದು ಹಳೇ ತಪ್ಪು.

ಈ ಆಟ ನೋಡಿ ಅಭ್ಯಾಸವಿಲ್ಲದವರಿಗೆ ಒಂದು ಮಾತು. ಚೆಂಡು ಕೈಯಲ್ಲಿರುವ ತಂಡದ ಮುಂದಿನ ಸಾಲಿನಲ್ಲಿ ಐದು ಜನ ದೈತ್ಯರು ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್, ಎರಡು ತುದಿಗೆ ಇಬ್ಬರು ಟ್ಯಾಕಲ್. ಇವರು ಚೆಂಡು ಎಸೆಯುವುದಿಲ್ಲ, ಹಿಡಿಯುವುದಿಲ್ಲ, ಹೊತ್ತು ಓಡುವುದಿಲ್ಲ. ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಕೈಬಿಡುವ ತನಕ, ಅಂದರೆ ಎರಡೂವರೆ ಮೂರು ಸೆಕೆಂಡು, ಎದುರಾಳಿ ಅವನ ಮೈಮೇಲೆ ಬೀಳದಂತೆ ತಡೆಯುವುದು ಇವರ ಕೆಲಸ. ತುದಿಯಲ್ಲಿರುವ ಟ್ಯಾಕಲ್‌ಗೆ ಸಿಗುವ ಎದುರಾಳಿ ಅಂಗಳದ ಅತಿ ವೇಗದ ಬಲಶಾಲಿ, ಅವನನ್ನು ತಡೆಯಲು ಪಕ್ಕದಲ್ಲಿ ಆಸರೆಯೂ ಇಲ್ಲ. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಎಡಕ್ಕಿರುವುದರಿಂದ ಎಡ ಟ್ಯಾಕಲ್‌ಗೆ ಇನ್ನೂ ಹೆಚ್ಚಿನ ಬೆಲೆ. 1985ರ ನವೆಂಬರ್‌ನಲ್ಲಿ ಲಾರೆನ್ಸ್ ಟೇಲರ್ ಹೊಡೆತಕ್ಕೆ ವಾಷಿಂಗ್ಟನ್ ತಂಡದ ಜೋ ಥೈಸ್‌ಮನ್ ಕಾಲು ಮುರಿದದ್ದನ್ನು ಟಿವಿಯಲ್ಲಿ ಕಂಡವರು ಮರೆತಿಲ್ಲ. ಮೈಕೆಲ್ ಲೂಯಿಸ್ 2006ರಲ್ಲಿ ಬರೆದ 'ದಿ ಬ್ಲೈಂಡ್ ಸೈಡ್' ಪುಸ್ತಕ ಆ ಹೊಡೆತದಿಂದಲೇ ಶುರುವಾಗುತ್ತದೆ. ಎಡ ಟ್ಯಾಕಲ್ ಎಂದರೆ ಇಂಥ ಮೈಕಟ್ಟು, ಇಂಥ ಉದ್ದ ತೋಳು ಎಂಬ ಚಿತ್ರವನ್ನು ಸಾಮಾನ್ಯ ಓದುಗರ ತಲೆಯಲ್ಲೂ ಅದು ಕೂರಿಸಿತು.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳೋಣ. ತೋಳು ಉದ್ದವಿದ್ದವನು ಎದುರಾಳಿಯ ಎದೆಯನ್ನು ಮೊದಲು ಮುಟ್ಟುತ್ತಾನೆ. ಮೊದಲು ಮುಟ್ಟಿದವನು ಇನ್ನೊಬ್ಬನ ಓಟದ ದಿಕ್ಕನ್ನು ನಿರ್ಧರಿಸುತ್ತಾನೆ. ತುದಿಯಿಂದ ಸುತ್ತಿ ಬರುವವನನ್ನು ಕೈ ಚಾಚಿ ದೂರ ತಳ್ಳಲು ಉದ್ದದ ತೋಳು ಅನುಕೂಲ. ಇದಿಷ್ಟೂ ನಿಜ, ಯಾರೂ ಅಲ್ಲಗಳೆಯಬೇಕಿಲ್ಲ. ಮಿಕ್ಕೆಲ್ಲ ಸಮನಾಗಿದ್ದರೆ ಉದ್ದ ತೋಳು ಒಳ್ಳೆಯದೇ. ಆದರೆ 'ಮಿಕ್ಕೆಲ್ಲ ಸಮನಾಗಿದ್ದರೆ' ಎಂಬುದನ್ನು ಬಾಯಲ್ಲಿ ಹೇಳಿ ಮುಂದಿನ ಹೆಜ್ಜೆಗೇ ಮರೆತುಬಿಡುವುದು ಈ ಪಂಥದವರ ಚಾಳಿ. ಅನುಕೂಲ ಎಂಬುದು ಅವರ ಕೈಯಲ್ಲಿ ಅರ್ಹತೆಯಾಗುತ್ತದೆ, ಅರ್ಹತೆ ಬಾಗಿಲಾಗುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ.

2025ರ ಡ್ರಾಫ್ಟ್‌ನಲ್ಲಿ ನಡೆದದ್ದನ್ನೇ ನೋಡಿ. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ವಿಲ್ ಕ್ಯಾಂಪ್‌ಬೆಲ್ ಮೊದಲ ವರ್ಷದಿಂದಲೇ ಎಡ ಟ್ಯಾಕಲ್ ಆಗಿ ಮೂರು ಋತು ಆಡಿದವರು. ಕಾಲೇಜು ಆಟದಲ್ಲಿ ಅತಿ ಕಠಿಣ ಎನಿಸಿದ ಎಸ್‌ಇಸಿ ಬಳಗದಲ್ಲಿ, ನಾಳೆ ಎನ್‌ಎಫ್‌ಎಲ್‌ಗೆ ಹೋಗುವಂಥ ಎದುರಾಳಿಗಳನ್ನು ವಾರವಾರವೂ ತಡೆದವರು. ಕಂಬೈನ್‌ನಲ್ಲಿ ಅವರ ತೋಳು 32 5/8 ಇಂಚು ಬಂತು. ಅಷ್ಟೇ ಸಾಕು, ಮೂರು ವರ್ಷದ ಆಟ ಬದಿಗೆ ಸರಿಯಿತು, ವಾರಗಟ್ಟಲೆ ತೋಳಿನ ಚರ್ಚೆ. ಆಮೇಲೆ ಅವರದೇ ವಿಶ್ವವಿದ್ಯಾಲಯದ ಪ್ರದರ್ಶನದ ದಿನ ಮತ್ತೆ ಅಳೆದರು. 33 ಇಂಚು ಬಂತು. ಹುಡುಗನ ತೋಳು ಆ ಕೆಲವು ವಾರಗಳಲ್ಲಿ ಬೆಳೆದಿರಲಾರದು. ಭುಜ ಎಷ್ಟು ಸಡಿಲ ಬಿಟ್ಟ, ಮೂಳೆಯ ಮೇಲೆ ಟೇಪಿನ ತುದಿ ಎಲ್ಲಿ ಕೂತಿತು, ಬೆರಳು ಎಷ್ಟು ನೀಡಿದ ಎಂಬುದರ ಮೇಲೆ ಒಂದು ಸೆಂಟಿಮೀಟರಿನಷ್ಟು ಹೆಚ್ಚುಕಡಿಮೆ ಆಗುತ್ತದೆ. ಹಾಗಾದರೆ ಅರ್ಧ ಇಂಚಿಗೆ ಆಟಗಾರನ ಜಾಗವನ್ನೇ ಬದಲಿಸುವ ಶಾಸ್ತ್ರಕ್ಕೆ, ತನ್ನ ಸಾಧನದಲ್ಲೇ ಹೆಚ್ಚುಕಡಿಮೆ ಅಷ್ಟೇ ತಪ್ಪು ಇದೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಕೊನೆಗೆ ಅವರನ್ನು ನಾಲ್ಕನೆಯ ಸರದಿಯಲ್ಲಿ ಆರಿಸಿ ಎಡ ಟ್ಯಾಕಲ್ ಆಗಿಯೇ ಆಡಿಸಿತು. ಆಮೇಲೂ ಅವರು ಎಡವಿದ ದಿನವೆಲ್ಲ ತೋಳಿನ ಮಾತು ಮೇಲೆದ್ದಿತು. ಉದ್ದ ತೋಳಿನ ಹೊಸಬ ಎಡವಿದರೆ 'ಇನ್ನೂ ಕಲಿಯುತ್ತಿದ್ದಾನೆ' ಎನ್ನುತ್ತಾರೆ. ಗಿಡ್ಡ ತೋಳಿನವನು ಎಡವಿದರೆ 'ನಾವು ಮೊದಲೇ ಹೇಳಿರಲಿಲ್ಲವೇ' ಎನ್ನುತ್ತಾರೆ. ಒಂದೇ ತಪ್ಪಿಗೆ ಎರಡು ತೀರ್ಪು ಕೊಡುವವರು ತಮ್ಮನ್ನು ವಸ್ತುನಿಷ್ಠರು ಎಂದು ಕರೆದುಕೊಳ್ಳಬಾರದು.

ಈಗ ವಾದದ ತಿರುಳಿಗೆ ಬರುತ್ತೇನೆ. ಹುಡುಗನೊಬ್ಬ ಕಾಲೇಜಿನಲ್ಲಿ ಸಾವಿರಾರು ಸಲ ಎದುರಾಳಿಯನ್ನು ತಡೆದಿದ್ದಾನೆ. ಪ್ರತಿಯೊಂದೂ ಎರಡು ಮೂರು ಕೋನದಿಂದ ಚಿತ್ರೀಕರಣವಾಗಿದೆ. ಆ ಸಾವಿರಾರು ಸಲವೂ ಅವನು ಆಡಿದ್ದು ಇದೇ ತೋಳಿನಿಂದ. ತೋಳು ಗಿಡ್ಡವಾದದ್ದರಿಂದ ಆಗಬೇಕಾದ ನಷ್ಟವೆಲ್ಲ ಆ ಚಿತ್ರಗಳಲ್ಲಿ ಆಗಲೇ ಆಗಿಹೋಗಿದೆ. ಎದುರಾಳಿ ಅವನ ಎದೆಗೆ ಮೊದಲು ಕೈಯಿಟ್ಟಿದ್ದರೆ ಅದು ಅಲ್ಲಿದೆ. ಸುತ್ತಿ ಹೋದವನು ಕೈಗೆ ಸಿಗದೆ ಜಾರಿದ್ದರೆ ಅದೂ ಅಲ್ಲಿದೆ. ಅಷ್ಟೆಲ್ಲ ನೋಡಿ ಸ್ಕೌಟು 'ಇವನು ಒಳ್ಳೆಯ ಟ್ಯಾಕಲ್' ಎಂದು ಬರೆದ ಮೇಲೆ, ಟೇಪು ತಂದು ಮತ್ತೊಮ್ಮೆ ಅಂಕ ಕಳೆಯುವುದೆಂದರೆ ಒಂದೇ ಸಾಲಕ್ಕೆ ಎರಡು ಸಲ ಬಡ್ಡಿ ವಸೂಲಿ. ಗಿಡ್ಡ ತೋಳಿದ್ದೂ ಗೆದ್ದವನ ಕಾಲು, ಕಣ್ಣು, ಸಮಯಪ್ರಜ್ಞೆ ಸರಾಸರಿಗಿಂತ ಮೇಲಿರಲೇಬೇಕು, ಇಲ್ಲದಿದ್ದರೆ ಅವನು ಗೆಲ್ಲುತ್ತಲೇ ಇರಲಿಲ್ಲ. ಟೇಪು ಹಿಡಿದವರು ಆ ಹೆಚ್ಚಿನ ಅಂಕವನ್ನು ಕೊಡುವುದಿಲ್ಲ, ಕಡಿಮೆಯ ಅಂಕವನ್ನು ಮಾತ್ರ ಕಳೆಯುತ್ತಾರೆ.

ಇದಕ್ಕೆ ಸಿದ್ಧ ಉತ್ತರ ಒಂದಿದೆ. ಕಾಲೇಜಿನ ಎದುರಾಳಿ ಬೇರೆ, ಎನ್‌ಎಫ್‌ಎಲ್ ಎದುರಾಳಿ ಬೇರೆ. ಅಲ್ಲಿ ಮುಚ್ಚಿಹೋದ ಕೊರತೆ ಇಲ್ಲಿ ಬಯಲಾಗುತ್ತದೆ. ಕೇಳಲು ಸರಿಯಾಗಿದೆ. ಆದರೆ ಮೇಲಿನ ಹಂತದಲ್ಲಿ ಕಷ್ಟ ಹೆಚ್ಚುವುದು ಎಲ್ಲರಿಗೂ. ನಿಧಾನ ಕಾಲಿನವನಿಗೆ ಹೆಚ್ಚುತ್ತದೆ, ಮೋಸದ ನಡೆಯನ್ನು ಓದಲಾರದವನಿಗೆ ಹೆಚ್ಚುತ್ತದೆ, ಮೂರನೆಯ ಕ್ವಾರ್ಟರ್‌ಗೆ ಉಸಿರು ಕಟ್ಟುವವನಿಗೆ ಹೆಚ್ಚುತ್ತದೆ. ಎಲ್ಲ ಕೊರತೆಗಳಲ್ಲಿ ತೋಳಿನದ್ದೇ ದೊಡ್ಡದಾಗಿ ಬಯಲಾಗುತ್ತದೆ ಎನ್ನಲು ಪುರಾವೆ ಬೇಕು. ಎದುರಾಳಿಗಳ ತೋಳಂತೂ ಆ ಪುರಾವೆ ಕೊಡುವುದಿಲ್ಲ. ಡೆಟ್ರಾಯಿಟ್‌ನ ಏಡನ್ ಹಚಿನ್‌ಸನ್ 2022ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದ ದಾಳಿಗಾರ. ಅವರ ತೋಳು 32 1/8 ಇಂಚು. 2021ರಲ್ಲಿ ಇಪ್ಪತ್ತೆರಡೂವರೆ ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಪಡೆದು ದಾಖಲೆ ಸರಿಗಟ್ಟಿದ ಪಿಟ್ಸ್‌ಬರ್ಗ್‌ನ ಟಿ.ಜೆ. ವಾಟ್ ತೋಳು 33 ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. ತಡೆಯುವವನಿಗೆ 34 ಇಲ್ಲದಿದ್ದರೆ ಉಳಿಗಾಲವಿಲ್ಲ ಎನ್ನುವವರು, ನುಗ್ಗುವವರು ಇಷ್ಟರಲ್ಲೇ ಹೇಗೆ ರಾಜ್ಯವಾಳುತ್ತಿದ್ದಾರೆ ಎಂಬುದನ್ನೂ ವಿವರಿಸಬೇಕು.

ವಿವರಣೆ ಅಂಗಳದಲ್ಲಿದೆ. ಎರಡೂ ಕೈಯನ್ನು ಒಟ್ಟಿಗೆ ಎದುರಾಳಿಯ ಎದೆಗೆ ಒಡ್ಡಬೇಕಾದರೆ ಎರಡೂ ಭುಜ ನೇರವಾಗಿ ನಿಲ್ಲಬೇಕು. ಒಂದೇ ಕೈ ಚಾಚುವವನು ಮಾತ್ರ ಭುಜವನ್ನು ತಿರುಗಿಸಿ, ಸೊಂಟವನ್ನು ಹೊರಳಿಸಿ, ತೋಳಿಗೆ ಹಲವು ಇಂಚು ಸೇರಿಸಿಕೊಳ್ಳುತ್ತಾನೆ. ಒಂದು ಕೈ ಎರಡು ಕೈಗಿಂತ ಉದ್ದ ಎಂದು ದಾಳಿಗಾರರಿಗೆ ಕಲಿಸುವವರು ಹೇಳುವುದು ಇದಕ್ಕೇ. ಅಂದರೆ 33 ಇಂಚಿನ ದಾಳಿಗಾರ ಒಂದೇ ಕೈಯಿಂದ 35 ಇಂಚಿನ ಟ್ಯಾಕಲ್‌ನ ಎರಡು ಕೈಗಳನ್ನು ಮೀರಿ ಎದೆ ಮುಟ್ಟಬಲ್ಲ. ಹಾಗಾಗಿ ಇಂದಿನ ಒಳ್ಳೆಯ ಟ್ಯಾಕಲ್‌ಗಳು ಎರಡು ಕೈಯನ್ನೂ ಒಟ್ಟಿಗೆ ಎಸೆಯುವುದಿಲ್ಲ. ಒಂದು ಕೈ ಆಸೆ ತೋರಿಸುತ್ತದೆ, ಎದುರಾಳಿ ಅದನ್ನು ಹೊಡೆದು ಬೀಳಿಸಲು ಹೋದಾಗ ಇನ್ನೊಂದು ಕೈ ಕೂರುತ್ತದೆ. ನುಗ್ಗುವವನ ಮಣಿಕಟ್ಟನ್ನೇ ಕೆಳಕ್ಕೆ ಎಳೆದು ಅವನು ಮುಗ್ಗರಿಸುವಂತೆ ಮಾಡುತ್ತಾರೆ. ಹಿಂದಕ್ಕೆ ಜಾರುವ ಮೊದಲ ಹೆಜ್ಜೆಯ ಕೋನ ಸರಿಯಾಗಿದ್ದರೆ ಇಡೀ ಅಡಿಯಷ್ಟು ದೂರ ಉಳಿಯುತ್ತದೆ, ತಪ್ಪಿದರೆ ಅಷ್ಟೇ ದೂರ ಕೈತಪ್ಪುತ್ತದೆ. ಕಾಲು ಕೊಡುವ ಹನ್ನೆರಡು ಇಂಚನ್ನು ಬಿಟ್ಟು ತೋಳು ಕೊಡುವ ಅರ್ಧ ಇಂಚಿನ ಹಿಂದೆ ಬೀಳುವುದು ಯಾವ ಜಾಣತನ?

ನಮ್ಮ ಗರಡಿಮನೆಯ ಉಸ್ತಾದರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಅವರು ಹುಡುಗನ ತೋಳನ್ನು ಕಣ್ಣಲ್ಲೇ ಅಳೆಯುತ್ತಿದ್ದರು ನಿಜ. ಆದರೆ ಮಾತು ಮುಗಿಯುತ್ತಿದ್ದುದು ಮಟ್ಟಿಯಲ್ಲಿ, ಹಿಡಿತ ಬಿದ್ದ ಮೇಲೆ ಅವನ ಕಾಲು ಎಲ್ಲಿರುತ್ತದೆ ಎಂದು ನೋಡಿದ ಮೇಲೆ. ಈ ಕೆಲಸಕ್ಕೂ ಕುಸ್ತಿಗೂ ಇರುವ ನಂಟು ಬರೀ ಉಪಮೆಯಲ್ಲ. ಸ್ಟೀಫನ್ ನೀಲ್ 1999ರ ವಿಶ್ವ ಫ್ರೀಸ್ಟೈಲ್ ಕುಸ್ತಿ ಚಾಂಪಿಯನ್. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರೇ ಅಲ್ಲ. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಅವರು ಪೇಟ್ರಿಯಟ್ಸ್ ತಂಡದ ಗಾರ್ಡ್ ಆಗಿ ಹಲವು ವರ್ಷ ಆಡಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ತೂಕವನ್ನು ಎಲ್ಲಿ ಊರಬೇಕು, ಯಾವ ಕ್ಷಣಕ್ಕೆ ಒತ್ತಬೇಕು ಎಂಬುದು ಅವರ ಮೈಗೆ ಗೊತ್ತಿತ್ತು. ಅದನ್ನು ಅಳೆಯುವ ಟೇಪು ಇಂಡಿಯಾನಾಪೊಲಿಸ್‌ನಲ್ಲಿ ಇನ್ನೂ ಸಿಕ್ಕಿಲ್ಲ.

ಟೇಪಿನವರ ಬತ್ತಳಿಕೆಯ ದೊಡ್ಡ ಬಾಣ ಇನ್ನೊಂದು. 'ಎನ್‌ಎಫ್‌ಎಲ್‌ನ ಟ್ಯಾಕಲ್‌ಗಳನ್ನು ಸಾಲಾಗಿ ನಿಲ್ಲಿಸಿ ಅಳೆಯಿರಿ, ಬಹುಪಾಲು ಜನರ ತೋಳು 33ಕ್ಕಿಂತ ಹೆಚ್ಚೇ ಇದೆ. ಇದಕ್ಕಿಂತ ಪುರಾವೆ ಬೇಕೆ?' ಈ ಪುರಾವೆ ತನ್ನ ಬಾಲವನ್ನೇ ಕಚ್ಚಿಕೊಂಡು ಸುತ್ತುತ್ತಿದೆ. 33ಕ್ಕಿಂತ ಕಡಿಮೆ ಇದ್ದವರನ್ನು ಬಾಗಿಲಲ್ಲೇ ತಡೆದು ಗಾರ್ಡ್ ಜಾಗಕ್ಕೆ ಕಳಿಸಿದವರು ನೀವು. ಆಮೇಲೆ ಒಳಗೆ ಇಣುಕಿ, 'ನೋಡಿ, ಅಂಥವರು ಇಲ್ಲಿ ಯಾರೂ ಇಲ್ಲ' ಎಂದು ಬೆರಗಾಗುವವರೂ ನೀವೇ. ಆಡಲು ಬಿಡದವರು ಆಡಿ ಸೋತರು ಎಂದು ಲೆಕ್ಕ ಬರೆಯುವುದು ಯಾವ ಸಂಖ್ಯಾಶಾಸ್ತ್ರದಲ್ಲೂ ಇಲ್ಲ.

ಜ್ಯಾಕ್ ಮಾರ್ಟಿನ್ ಕಥೆ ಇದಕ್ಕೆ ಸಾಕ್ಷಿ. ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಎಡ ಟ್ಯಾಕಲ್ ಆಗಿ ಮೆರೆದವರು. ತೋಳು 33ಕ್ಕೆ ಒಂದು ಎಳೆ ಕಡಿಮೆ. 2014ರಲ್ಲಿ ಡಲ್ಲಾಸ್ ಕೌಬಾಯ್ಸ್ 16ನೆಯ ಸರದಿಯಲ್ಲಿ ಆರಿಸಿ ಗಾರ್ಡ್ ಮಾಡಿತು. ಅಲ್ಲಿ ಅವರು ಏಳು ಸಲ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡಕ್ಕೆ, ಒಂಬತ್ತು ಸಲ ತಾರಾ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾಗಿ, ತಮ್ಮ ತಲೆಮಾರಿನ ಅತ್ಯುತ್ತಮ ಗಾರ್ಡ್ ಎನಿಸಿಕೊಂಡು 2025ರಲ್ಲಿ ನಿವೃತ್ತರಾದರು. ಟೇಪಿನವರು ಇದನ್ನು ತಮ್ಮ ಗೆಲುವು ಎನ್ನುತ್ತಾರೆ: ನೋಡಿ, ಒಳಗೆ ಸರಿಸಿದ್ದು ಎಷ್ಟು ಒಳ್ಳೆಯದಾಯಿತು. 2020ರಲ್ಲಿ ಗಾಯಗಳಿಂದ ತಂಡ ಬರಿದಾದಾಗ ಅದೇ ಮಾರ್ಟಿನ್ ಬಲ ಟ್ಯಾಕಲ್ ಜಾಗಕ್ಕೆ ಹೋಗಿ ನಿಂತರು, ಸೊಗಸಾಗಿಯೇ ಆಡಿದರು. ಅವರು ಶ್ರೇಷ್ಠ ಗಾರ್ಡ್ ಆದದ್ದು ಗೊತ್ತು. ಶ್ರೇಷ್ಠ ಟ್ಯಾಕಲ್ ಆಗುತ್ತಿದ್ದರೇ ಎಂಬುದನ್ನು ತಿಳಿಯುವ ದಾರಿಯನ್ನು ಮುಚ್ಚಿದ್ದು ಟೇಪು. ಅದೇ ದಾರಿಯಲ್ಲಿ 2023ರಲ್ಲಿ ಪೀಟರ್ ಸ್ಕೊರಾನ್‌ಸ್ಕಿ ಹೋದರು. ನಾರ್ತ್‌ವೆಸ್ಟರ್ನ್‌ನ ಎಡ ಟ್ಯಾಕಲ್, ತೋಳು ಮೂವತ್ತೆರಡೂಕಾಲು, ಟೆನೆಸಿ ಟೈಟನ್ಸ್ 11ನೆಯ ಸರದಿಯಲ್ಲಿ ಆರಿಸಿ ಗಾರ್ಡ್ ಮಾಡಿತು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಆಟಗಾರನಿಗೆ ದುಡ್ಡಿನ ನಷ್ಟ. ಟ್ಯಾಕಲ್‌ಗೆ ಸಿಗುವ ಸಂಬಳ ಸಾಮಾನ್ಯವಾಗಿ ಗಾರ್ಡ್‌ಗೆ ಸಿಗುವುದಿಲ್ಲ. ತಂಡಕ್ಕೆ ಅದಕ್ಕಿಂತ ದೊಡ್ಡ ನಷ್ಟ, ಏಕೆಂದರೆ ಒಳ್ಳೆಯ ಟ್ಯಾಕಲ್‌ಗಳು ಲೀಗಿನಲ್ಲಿ ಯಾವತ್ತೂ ಬರಗಾಲದ ಸರಕು. ಬರ ಬಿದ್ದಾಗ ಇರುವ ಕಾಳನ್ನೂ ಜರಡಿ ಹಿಡಿದು ಚೆಲ್ಲುವವರನ್ನು ವಿವೇಕಿಗಳೆನ್ನಲು ಆಗದು.

ಬಾಗಿಲು ದಾಟಿ ಒಳಹೊಕ್ಕ ಕೆಲವರು ಏನು ಮಾಡಿದರು? ವಿಸ್ಕಾನ್ಸಿನ್‌ನ ಜೋ ಥಾಮಸ್ ತೋಳು ಮೂವತ್ತೆರಡೂವರೆ ಇಂಚು. 2007ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮೂರನೆಯ ಸರದಿಯಲ್ಲಿ ಆರಿಸಿ ಎಡ ಟ್ಯಾಕಲ್ ಜಾಗ ಕೊಟ್ಟಿತು. ಮೊದಲ ಹತ್ತೂ ವರ್ಷ ಪ್ರೊ ಬೌಲ್. ಒಂದೂ ಬಿಡದೆ ಸತತ 10,363 ಸ್ನ್ಯಾಪ್, ಅಂದರೆ ಚೆಂಡು ಆಟಕ್ಕೆ ಬಂದ ಅಷ್ಟೂ ಸಲ, ಆಡಿದ ದಾಖಲೆ. ಅಷ್ಟು ವರ್ಷ ಅವರ ಬೆನ್ನ ಹಿಂದೆ ಕ್ವಾರ್ಟರ್‌ಬ್ಯಾಕ್‌ಗಳು ಬಂದರು, ಹೋದರು. ತಂಡ ಸೋಲುತ್ತಲೇ ಇತ್ತು. ಎಡ ತುದಿಯಲ್ಲಿ ಅವರು ಅಲುಗಲಿಲ್ಲ. 2023ರಲ್ಲಿ ಅರ್ಹರಾದ ಮೊದಲ ವರ್ಷವೇ ಹಾಲ್ ಆಫ್ ಫೇಮ್ ಸೇರಿದರು. ರಶಾನ್ ಸ್ಲೇಟರ್ ತೋಳು ಸರಿಯಾಗಿ 33. ಗಾರ್ಡ್ ಆಗಬೇಕು ಎಂಬ ಸಲಹೆ ಧಾರಾಳವಾಗಿ ಬಂತು. 2021ರಲ್ಲಿ ಚಾರ್ಜರ್ಸ್ 13ನೆಯ ಸರದಿಯಲ್ಲಿ ಆರಿಸಿ ಎಡ ಟ್ಯಾಕಲ್ ಆಗಿ ಇಳಿಸಿತು. ಮೊದಲ ವರ್ಷವೇ ಪ್ರೊ ಬೌಲ್. 2025ರಲ್ಲಿ ಅದೇ ತಂಡ ನಾಲ್ಕು ವರ್ಷಕ್ಕೆ 114 ಮಿಲಿಯನ್ ಡಾಲರ್ ಒಪ್ಪಂದ ಮಾಡಿಕೊಂಡಿತು. ಅದೇ 2021ರಲ್ಲಿ ಡೆಟ್ರಾಯಿಟ್ ಆರಿಸಿದ ಪಿನೇ ಸೂವೆಲ್ ತೋಳು ಮೂವತ್ಮೂರೂಕಾಲು, ಅದೂ 'ಆದರ್ಶ'ಕ್ಕೆ ಮುಕ್ಕಾಲು ಇಂಚು ಕಡಿಮೆ. 2023 ಮತ್ತು 2024ರಲ್ಲಿ ಅವರು ಆಲ್-ಪ್ರೊ ಮೊದಲ ತಂಡದ ಟ್ಯಾಕಲ್.

'ಇವರೆಲ್ಲ ಅಪವಾದಗಳು' ಎಂಬ ಉತ್ತರ ಬರುತ್ತದೆಂದು ಗೊತ್ತು. ಅಪವಾದ ಎನ್ನಬೇಕಾದರೆ ಅವಕಾಶ ಪಡೆದ ಗಿಡ್ಡ ತೋಳಿನವರಲ್ಲಿ ಎಷ್ಟು ಜನ ಸೋತರು, ಅವಕಾಶ ಪಡೆದ ಉದ್ದ ತೋಳಿನವರಲ್ಲಿ ಎಷ್ಟು ಜನ ಸೋತರು ಎಂದು ಎರಡೂ ಕಡೆ ಎಣಿಸಬೇಕು. ಎರಡನೆಯ ಪಟ್ಟಿಯನ್ನು ಟೇಪಿನವರು ತೆಗೆಯುವುದೇ ಇಲ್ಲ. ಮಾರ್ಟಿನ್ ಆಯ್ಕೆಯಾದ 2014ರಲ್ಲೇ, ಅವರಿಗಿಂತ ಹದಿನಾಲ್ಕು ಸರದಿ ಮೊದಲು, ರಾಮ್ಸ್ ತಂಡ ಆಬರ್ನ್‌ನ ಗ್ರೆಗ್ ರಾಬಿನ್ಸನ್ ಅವರನ್ನು ಆರಿಸಿತ್ತು. ತೋಳು 35 ಇಂಚು, ತೂಕ 332 ಪೌಂಡ್, ಅಷ್ಟು ಭಾರ ಹೊತ್ತು 40 ಗಜವನ್ನು 4.92 ಸೆಕೆಂಡಿನಲ್ಲಿ ಓಡಿದ ಮೈ. ಮೂರು ಋತು ಮುಗಿಯುವಷ್ಟರಲ್ಲಿ ತಂಡ ಕೈಚೆಲ್ಲಿ ಅವರನ್ನು ಡೆಟ್ರಾಯಿಟ್‌ಗೆ ಕೊಟ್ಟಿತು. 2010ರಲ್ಲಿ ಮೇರಿಲ್ಯಾಂಡ್‌ನ ಬ್ರೂಸ್ ಕ್ಯಾಂಪ್‌ಬೆಲ್ ಕಂಬೈನ್‌ನಲ್ಲಿ ಎಲ್ಲರ ಕಣ್ಣು ಕೋರೈಸಿದರು: ತೋಳು 36 ಇಂಚು ದಾಟಿತ್ತು, ಓಟ 4.85 ಸೆಕೆಂಡು. ಎನ್‌ಎಫ್‌ಎಲ್‌ನಲ್ಲಿ ಅವರಿಗೆ ಖಾಯಂ ಜಾಗ ಸಿಗಲೇ ಇಲ್ಲ. 2022ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಏಳನೆಯ ಸರದಿಯಲ್ಲಿ ಆರಿಸಿದ ಅಲಬಾಮಾದ ಇವಾನ್ ನೀಲ್‌ಗೆ ಆರಡಿ ಏಳೂವರೆ ಇಂಚು ಎತ್ತರ, 34 ಇಂಚಿನ ತೋಳು, ಎಲ್ಲವೂ ಶಾಸ್ತ್ರೋಕ್ತ. ಟ್ಯಾಕಲ್ ಆಗಿ ಪರದಾಡಿ ಕೊನೆಗೆ ಗಾರ್ಡ್ ಜಾಗಕ್ಕೇ ಬಂದರು.

ಅಳತೆಯ ಮೋಹದ ಅತಿ ದುಬಾರಿ ಪಾಠ ಇನ್ನೂ ಹಳೆಯದು. 1989ರಲ್ಲಿ ಮಿಷಿಗನ್ ಸ್ಟೇಟ್‌ನ ಟೋನಿ ಮಂಡಾರಿಚ್ ಮೈಕಟ್ಟನ್ನು 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆ ಮುಖಪುಟದಲ್ಲೇ ಕೊಂಡಾಡಿತು. ಮುನ್ನೂರು ಪೌಂಡಿಗೂ ಮೀರಿದ ಮನುಷ್ಯ 40 ಗಜವನ್ನು 4.65 ಸೆಕೆಂಡಿನಲ್ಲಿ ಓಡಿದ, 225 ಪೌಂಡಿನ ಬಾರನ್ನು ಮಲಗಿಕೊಂಡು 39 ಸಲ ಎತ್ತಿದ. ಗ್ರೀನ್ ಬೇ ಪ್ಯಾಕರ್ಸ್ ಎರಡನೆಯ ಸರದಿಯಲ್ಲೇ ಅವರನ್ನು ಎತ್ತಿಕೊಂಡಿತು. ಅವರ ಬೆನ್ನಿಗೇ ಮೂರು, ನಾಲ್ಕು, ಐದನೆಯವರಾಗಿ ಆಯ್ಕೆಯಾದವರು ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ಮೂವರೂ ಇಂದು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಮಂಡಾರಿಚ್ ಗ್ರೀನ್ ಬೇಯಲ್ಲಿ ನೆಲೆ ನಿಲ್ಲಲಿಲ್ಲ. ಆ ಮೈಯ ಹಿಂದೆ ಸ್ಟೆರಾಯ್ಡ್ ಇತ್ತು ಎಂದು 2008ರಲ್ಲಿ ಅವರೇ ಒಪ್ಪಿಕೊಂಡರು. ಟೇಪು, ತಕ್ಕಡಿ, ಗಡಿಯಾರ ಮೂರೂ ಅಂದು ನಿಜವನ್ನೇ ಹೇಳಿದ್ದವು. ನಿಜವಾದ ಅಂಕಿಗಳಿಂದ ಸುಳ್ಳು ತೀರ್ಮಾನಕ್ಕೆ ಹೋದವರು ಮನುಷ್ಯರು.

ತೂಕ ಮತ್ತು ಓಟದ ಅಂಕಿಗಳ ಗತಿಯೂ ಇದೇ. ಸಿನ್ಸಿನಾಟಿ ವಿಶ್ವವಿದ್ಯಾಲಯದ ಜೇಸನ್ ಕೆಲ್ಸಿ ಕಂಬೈನ್‌ಗೆ ಬಂದಾಗ 280 ಪೌಂಡ್, ಸೆಂಟರ್ ಜಾಗಕ್ಕೂ ತೀರ ಹಗುರ ಎಂದರು. 2011ರಲ್ಲಿ 190 ಜನ ಆಯ್ಕೆಯಾಗುವ ತನಕ ಕಾದು ಆರನೆಯ ಸುತ್ತಿನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಸೇರಿದರು. ಆರು ಸಲ ಆಲ್-ಪ್ರೊ ಮೊದಲ ತಂಡ, ಒಂದು ಸೂಪರ್ ಬೌಲ್, 2024ರಲ್ಲಿ ನಿವೃತ್ತಿ. ಇನ್ನೊಂದು ತುದಿಯಲ್ಲಿ ಒಕ್ಲಹೋಮಾದ ಒರ್ಲ್ಯಾಂಡೊ ಬ್ರೌನ್ ಜೂನಿಯರ್. ತೋಳು 35 ಇಂಚಿನಷ್ಟು ಉದ್ದ, ಆದರೆ 2018ರ ಕಂಬೈನ್‌ನಲ್ಲಿ 40 ಗಜಕ್ಕೆ 5.85 ಸೆಕೆಂಡು, ಬಾರ್ ಎತ್ತಿದ್ದು 14 ಸಲ. ಎಲ್ಲರೂ ನಕ್ಕರು, ಮೊದಲ ಸುತ್ತಿನವರು ಎನಿಸಿದ್ದವರು 83ನೆಯ ಸರದಿಗೆ ಜಾರಿದರು. ಆಮೇಲೆ ನಾಲ್ಕು ಪ್ರೊ ಬೌಲ್. 2023ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಅವರು ಕ್ಯಾನ್ಸಸ್ ಸಿಟಿಯ ಎಡ ಟ್ಯಾಕಲ್. ಎದುರಿಗಿದ್ದ ಈಗಲ್ಸ್ ಆ ಋತುವಿನಲ್ಲಿ 70 ಸ್ಯಾಕ್ ಗಳಿಸಿದ ತಂಡ. ಅಂದು ಅವರಿಗೆ ಒಂದೂ ಸಿಗಲಿಲ್ಲ. ಬ್ರೌನ್ ತೋಳು ಉದ್ದವಿತ್ತಲ್ಲ ಎಂದು ಟೇಪಿನವರು ಈಗ ಹೇಳಬಹುದು. ಹಾಗಾದರೆ ಅಂದು ಓಟದ ಅಂಕಿ ಹಿಡಿದು ನಕ್ಕವರು ಯಾರು? ಗೆದ್ದವನ ಮೈಯಲ್ಲಿ ಯಾವ ಅಂಕಿ ಚೆನ್ನಾಗಿದೆಯೋ ಅದನ್ನು ಆಮೇಲೆ ಹುಡುಕಿ ತೆಗೆಯುವುದಕ್ಕೆ ಮುನ್ನೋಟ ಎನ್ನುವುದಿಲ್ಲ.

ಅಳತೆಗೆ ಯಾವ ಕೆಲಸವೂ ಇಲ್ಲವೆಂದು ಇದರರ್ಥವಲ್ಲ. ಆಟದ ಚಿತ್ರ ಇಲ್ಲದ ಕಡೆ, ಇದ್ದರೂ ಎದುರಾಳಿ ದುರ್ಬಲನಾಗಿದ್ದ ಕಡೆ, ಮೈಯೇ ಮಾತಾಡಬೇಕು. ಆಸ್ಟ್ರೇಲಿಯಾದ ಜೋರ್ಡನ್ ಮೈಲಾಟಾ ರಗ್ಬಿ ಲೀಗ್ ಆಡುತ್ತಿದ್ದವರು. ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆರಡಿ ಎಂಟು ಇಂಚು ಎತ್ತರ, 346 ಪೌಂಡ್ ತೂಕ, ಆ ಮೈಗೆ ಮೀರಿದ ಚುರುಕು ನೋಡಿ ಈಗಲ್ಸ್ 2018ರಲ್ಲಿ 233ನೆಯ ಸರದಿಯಲ್ಲಿ ಆರಿಸಿತು. ಜೆಫ್ ಸ್ಟೌಟ್‌ಲ್ಯಾಂಡ್ ಎಂಬ ಗುರು ವರ್ಷಗಟ್ಟಲೆ ತಿದ್ದಿದ ಮೇಲೆ ಅವರು ಲೀಗಿನ ಉತ್ತಮ ಎಡ ಟ್ಯಾಕಲ್‌ಗಳಲ್ಲಿ ಒಬ್ಬರಾದರು. ಆರ್ಕನ್ಸಾ-ಪೈನ್ ಬ್ಲಫ್ ಎಂಬ ಸಣ್ಣ ಕಾಲೇಜಿನ ಟೆರನ್ ಆರ್ಮ್‌ಸ್ಟೆಡ್ 2013ರಲ್ಲಿ 4.71 ಸೆಕೆಂಡಿನಲ್ಲಿ ಓಡಿದ್ದರಿಂದಲೇ ದೊಡ್ಡವರ ಕಣ್ಣಿಗೆ ಬಿದ್ದರು, ಐದು ಸಲ ಪ್ರೊ ಬೌಲ್ ತಲುಪಿದರು. ಈ ಎರಡೂ ಕಡೆ ಅಳತೆ ಒಂದು ಬಾಗಿಲನ್ನು ತೆರೆಯಿತು. ಗೊತ್ತಿಲ್ಲದವನನ್ನು ಹುಡುಕಲು ಟೇಪು ಬೇಕು. ಗೊತ್ತಿರುವವನನ್ನು ಹೊರದಬ್ಬಲು ಅದನ್ನು ಬಳಸುವುದಷ್ಟೇ ನನ್ನ ತಕರಾರು. ಮೊಣಕಾಲು, ಬೆನ್ನು, ಭುಜದ ವೈದ್ಯಕೀಯ ತಪಾಸಣೆಯ ಮಾತೂ ಬೇರೆ. ಅದು ಚಿತ್ರದಲ್ಲಿ ಕಾಣದ್ದನ್ನು ಹೇಳುತ್ತದೆ, ತೋಳಿನ ಅಳತೆ ಚಿತ್ರದಲ್ಲಿ ಕಂಡದ್ದನ್ನೇ ಮತ್ತೆ ಹೇಳುತ್ತದೆ.

ಇಷ್ಟು ಸಡಿಲವಾದ ನಂಬಿಕೆ ಇಷ್ಟು ಬಿಗಿಯಾಗಿ ಕೂತದ್ದು ಹೇಗೆ? ಒಂದು ಕಾರಣ ಈ ಆಟಗಾರರಿಗೆ ಅಂಕಿಯೇ ಇಲ್ಲದಿರುವುದು. ಕ್ವಾರ್ಟರ್‌ಬ್ಯಾಕ್‌ಗೆ ಎಸೆದ ಗಜಗಳಿವೆ, ರಿಸೀವರ್‌ಗೆ ಹಿಡಿದ ಚೆಂಡುಗಳಿವೆ, ದಾಳಿಗಾರನಿಗೆ ಸ್ಯಾಕ್‌ಗಳಿವೆ. ತಡೆಯುವವನು ಚೆನ್ನಾಗಿ ಆಡಿದರೆ ಅವನ ಎದುರಾಳಿಯ ಹೆಸರು ಎಲ್ಲೂ ಬರುವುದಿಲ್ಲ. ಪತ್ರಿಕೆಯ ಅಂಕಪಟ್ಟಿಯಲ್ಲಿ ಅವನಿಗೆ ಜಾಗವಿಲ್ಲ. ಈ ಖಾಲಿ ಜಾಗಕ್ಕೆ ಟೇಪು ಬಂದು ಕೂತಿತು. ಇನ್ನೊಂದು ಕಾರಣ ಭಯ. ತೋಳುದ್ದದವನನ್ನು ಆರಿಸಿ ಸೋತ ಮ್ಯಾನೇಜರ್ ದುರದೃಷ್ಟಶಾಲಿ. ತೋಳು ಗಿಡ್ಡದವನನ್ನು ಆರಿಸಿ ಸೋತವನು ದಡ್ಡ. ಮೊದಲನೆಯವನಿಗೆ ಮರುವರ್ಷವೂ ಕುರ್ಚಿ ಇರುತ್ತದೆ. 34 ಇಂಚಿನ ಗೆರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಪಾಡುವುದಕ್ಕಿಂತ ಚೆನ್ನಾಗಿ ಆರಿಸಿದವನನ್ನು ಕಾಪಾಡುತ್ತದೆ.

ಲೆಕ್ಕ ಮತ್ತು ಕಂಪ್ಯೂಟರಿನ ಹೆಸರಿನಲ್ಲಿ ಈ ಗೆರೆಯನ್ನು ಸಮರ್ಥಿಸುವವರು ತಮ್ಮ ಚರಿತ್ರೆಯನ್ನೇ ಓದಿಲ್ಲ. ಆಟಗಾರರ ಆಯ್ಕೆಗೆ ಕಂಪ್ಯೂಟರ್ ತಂದವರು 1960ರ ದಶಕದ ಡಲ್ಲಾಸ್ ಕೌಬಾಯ್ಸ್. ಟೆಕ್ಸ್ ಶ್ರಾಮ್ ಮತ್ತು ಗಿಲ್ ಬ್ರಾಂಟ್ ಅದಕ್ಕಾಗಿ ಹಿಡಿದದ್ದು ಐಬಿಎಂನ ಅಂಗಸಂಸ್ಥೆಯಲ್ಲಿದ್ದ ಸಲಾಂ ಖುರೇಶಿ ಎಂಬ ಭಾರತ ಮೂಲದ ಸಂಖ್ಯಾಶಾಸ್ತ್ರಜ್ಞನನ್ನು. ಅವರಿಗೆ ಕ್ರಿಕೆಟ್ ಗೊತ್ತಿತ್ತು, ಈ ಫುಟ್‌ಬಾಲ್ ಗೊತ್ತಿರಲಿಲ್ಲ. ಎತ್ತರ, ತೂಕ, ವೇಗದಂಥ ನೇರ ಅಂಕಿಗಳನ್ನು ದಾಖಲಿಸುವುದು ಸುಲಭವಾಗಿತ್ತು. ಅವರೆಲ್ಲ ಹೆಚ್ಚು ಬೆವರು ಸುರಿಸಿದ್ದು ಸ್ವಭಾವ, ಚುರುಕು ಮತ್ತು ಮೈಮೇಲಿನ ಹತೋಟಿ, ಹೋರಾಟದ ಕೆಚ್ಚು, ಬುದ್ಧಿಯ ಎಚ್ಚರ ಇಂಥವಕ್ಕೆ ಎಲ್ಲ ಸ್ಕೌಟುಗಳೂ ಒಂದೇ ಅರ್ಥದಲ್ಲಿ ಅಂಕ ಕೊಡುವಂತೆ ಮಾಡಲು. ಕಣ್ಣಿಗೆ ಕಂಡ ಆಟವನ್ನು ಶಿಸ್ತಿನಿಂದ ತೂಗುವುದು ಆ ಯಂತ್ರದ ಉದ್ದೇಶವಾಗಿತ್ತು. ಅರವತ್ತು ವರ್ಷದ ಮೇಲೆ ಅವರ ವಾರಸುದಾರರು ಸುಲಭದ ಅಂಕಿಯನ್ನು ಇಟ್ಟುಕೊಂಡು ಕಷ್ಟದ ಕೆಲಸವನ್ನು ಕೈಬಿಟ್ಟಿದ್ದಾರೆ.

ಹಾಗಾಗಿ ತಂಡಗಳ ಮುಂದೆ ಒಂದು ಸರಳ ನಿಯಮ ಇಡುತ್ತೇನೆ. ಸ್ಕೌಟು ಮೊದಲು ಆಟ ನೋಡಿ ದರ್ಜೆ ಬರೆಯಲಿ, ಬರೆದು ಮುಚ್ಚಿಡಲಿ. ಆಮೇಲೆ ತೋಳಿನ ಅಳತೆ ಮೇಜಿಗೆ ಬರಲಿ. ಅಳತೆ ನೋಡಿ ಯಾರಾದರೂ ದರ್ಜೆ ಇಳಿಸಬೇಕೆಂದರೆ, ಆ ಅರ್ಧ ಇಂಚು ಯಾವ ಪಂದ್ಯದಲ್ಲಿ, ಯಾವ ಎದುರಾಳಿಯ ಮುಂದೆ, ಯಾವ ಸ್ನ್ಯಾಪ್‌ನಲ್ಲಿ ಸೋತಿತು ಎಂದು ಚಿತ್ರ ಹಾಕಿ ತೋರಿಸಲಿ. ತೋರಿಸಿದರೆ ಇಳಿಸಲಿ, ತಕರಾರಿಲ್ಲ. ಆಗ ಇಳಿಸಿದ್ದು ಆಟವೇ ಹೊರತು ಟೇಪಲ್ಲ. ತೋರಿಸಲಾಗದಿದ್ದರೆ ಬಾಯಿ ಮುಚ್ಚಿಕೊಂಡು ಆ ಹುಡುಗನನ್ನು ಟ್ಯಾಕಲ್ ಎಂದೇ ಪಟ್ಟಿಯಲ್ಲಿ ಬರೆಯಲಿ, ಟ್ಯಾಕಲ್ ಆಗಿಯೇ ಆಡಿಸಲಿ. ಅವನು ಸೋತರೆ ಅಂಗಳದಲ್ಲಿ, ಎದುರಾಳಿಯ ಕೈಯಲ್ಲಿ ಸೋಲಲಿ. ಆ ಹಕ್ಕನ್ನು ಅವನು ಮೂರು ವರ್ಷ ಆಡಿ ಸಂಪಾದಿಸಿದ್ದಾನೆ.